ಗುರುವಾರದ ನೋಟಿಸು ಎಲ್ಲಿ ಹೋಯಿತು

"ಮೇಡಂ, ನಮ್ಮಲ್ಲಿ ಒಂದು ಕಳ್ಳತನ ಹಿಡೀಲಿಕ್ಕೆ ಉಂಟು. ನೀವು ಕಂಪ್ಯೂಟರ್ ರಿಪೇರಿಗೆ ಬಂದ ಹಾಗೆ ಬನ್ನಿ, ಯಾರಿಗೂ ಗೊತ್ತಾಗುದು ಬೇಡ."

ಬೋಲ್ಟನ್ನಿನಲ್ಲಿ ತರಕಾರಿ ಗೋದಾಮು ಇಟ್ಟುಕೊಂಡಿರುವ ಮಾಲೀಕರು ಫೋನಿನಲ್ಲಿ ಹೀಗೆಂದಾಗ ನನಗೆ ಒಳಗೊಳಗೇ ಖುಷಿಯಾಯಿತು. ಸಣ್ಣ ಕಂಪನಿಗಳ ಇಮೇಲ್ ವ್ಯವಸ್ಥೆ ನೋಡಿಕೊಳ್ಳುವುದು ನನ್ನ ಕೆಲಸ. ಪಾಸ್‌ವರ್ಡ್ ಮರೆತವರು, ಮೇಲ್‌ಬಾಕ್ಸ್ ತುಂಬಿಸಿಕೊಂಡವರು, ಪ್ರಿಂಟರಿಗೆ ಶಾಪ ಹಾಕುವವರು, ಇವರ ನಡುವೆ ಅಪರೂಪಕ್ಕೆ ಕಳ್ಳನೊಬ್ಬ ಸಿಕ್ಕರೆ ಯಾರಿಗೆ ಬೇಡ? ಅಲ್ಲದೆ ಅನುಮಾನ ನನ್ನ ಹುಟ್ಟುಗುಣ. ಹಾಲಿನ ಚೀಲದ ಮೇಲಿನ ತಾರೀಖನ್ನೂ ನಾನು ಮೂಸಿ ನೋಡದೆ ನಂಬುವವಳಲ್ಲ ಎಂದು ಮನೆಯಲ್ಲಿ ಆಡಿಕೊಳ್ಳುತ್ತಾರೆ. ಮಾರನೆಯ ದಿನವೇ ನಾರ್ತ್ ಯಾರ್ಕಿನ ಮನೆಯಿಂದ ಕಾರು ಹೊರಡಿಸಿದೆ.

ಮಾಲೀಕರು ಮಂಗಳೂರಿನ ಕಡೆಯವರು. ಮಾತು ಮೆತ್ತಗೆ, ಗುಮಾನಿ ಗಟ್ಟಿ. ಗಾಜಿನ ಕೋಣೆಯ ಬಾಗಿಲು ಹಾಕಿಕೊಂಡು ವಿಷಯ ಹೇಳಿದರು. ಪ್ರತಿ ಗುರುವಾರ ಊರಿನಿಂದ ವಿಮಾನದಲ್ಲಿ ನುಗ್ಗೆ, ತೊಂಡೆ, ವೀಳ್ಯದೆಲೆ ಬರುತ್ತವೆ. ಅಂದೇ ಮಧ್ಯಾಹ್ನ ನಲವತ್ತಕ್ಕೂ ಮಿಕ್ಕಿ ಅಂಗಡಿಗಳಿಗೆ ಇಮೇಲ್ ನೋಟಿಸು ಹೋಗಬೇಕು. ಶುಕ್ರವಾರ ಬೆಳಿಗ್ಗೆಯೊಳಗೆ ಅಂಗಡಿಯವರು ತಮಗೆಷ್ಟು ಬೇಕೆಂದು ಉತ್ತರ ಬರೆಯಬೇಕು, ಆಮೇಲೆ ಟ್ರಕ್ಕು ಹೊರಡಬೇಕು. ಎರಡು ತಿಂಗಳಿಂದ ಅರ್ಧಕ್ಕರ್ಧ ಅಂಗಡಿಗಳಿಂದ ಉತ್ತರವೇ ಇಲ್ಲ. ಕೇಳಿದರೆ ನೋಟಿಸು ಬಂದಿಲ್ಲ ಎನ್ನುತ್ತಾರೆ. ಮಾಲು ಗೋದಾಮಿನಲ್ಲೇ ಕೊಳೆಯುತ್ತಿದೆ.

"ನೋಟಿಸು ಯಾರು ಕಳಿಸೋದು?" ಎಂದೆ.

ಅವರು ಗಾಜಿನಾಚೆಗೆ ಗದ್ದದಿಂದಲೇ ಸನ್ನೆ ಮಾಡಿದರು. ಆರ್ಡರ್ ಡೆಸ್ಕಿನಲ್ಲಿ ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ಹೆಡ್‌ಸೆಟ್ ಹಾಕಿಕೊಂಡು ಯಾರೊಂದಿಗೋ ಹಿಂದಿಯಲ್ಲಿ ಮಾತಾಡುತ್ತಿದ್ದಳು.

"ಅವಳೇ. ಕಳಿಸಿದ್ದೇನೆ ಅಂತಾಳೆ. ನಾನು ಕಳಿಸಿದ ಮೇಲ್ ಎಲ್ಲರಿಗೂ ಹೋಗ್ತದೆ ಮಾರಾಯ್ರೆ, ಅವಳದ್ದು ಮಾತ್ರ ಯಾಕೆ ಹೋಗುದಿಲ್ಲ? ಜೆರಾರ್ಡ್ ಬೀದಿಯ ಅಂಗಡಿಯವ, ಅಷ್ಟು ಹಳೇ ಗಿರಾಕಿ, ಈಗ ಬೇರೆ ಹೋಲ್‌ಸೇಲಿನವನ ಹತ್ರ ತಗೊಳ್ತಾನೆ. ಇವಳು ನಮ್ಮ ಗಿರಾಕಿಗಳ ಲಿಸ್ಟನ್ನೇ ಆ ಕಡೆ ದಾಟಿಸಿದ್ದಾಳೆ ಅಂತ ನನಗೆ."

ಆಕೆ ಗದಗಿನ ಕಡೆಯವಳು. ಇಲ್ಲಿಗೆ ಓದಲು ಬಂದು, ಓದು ಮುಗಿಸಿ, ಈಗ ವರ್ಕ್ ಪರ್ಮಿಟ್ಟಿನಲ್ಲಿದ್ದಾಳೆ. ಇದೇ ಕೆಲಸದಲ್ಲಿ ಒಂದು ವರ್ಷ ತುಂಬಿತೆಂದು ಮಾಲೀಕರು ಅನುಭವಪತ್ರ ಕೊಟ್ಟರೆ ಈ ದೇಶದಲ್ಲಿ ಕಾಯಂ ಆಗಿ ನೆಲೆಸುವ ಪಿಆರ್‌ಗೆ ಅರ್ಜಿ ಹಾಕಬಹುದು. ಪರ್ಮಿಟ್ಟಿನ ಅವಧಿ ಮುಗಿಯುತ್ತಾ ಬಂದಿದ್ದರಿಂದ ಇನ್ನೊಂದು ಕಡೆ ಸೇರಿ ಮತ್ತೆ ಮೊದಲಿಂದ ವರ್ಷ ತುಂಬಿಸುವಷ್ಟು ಸಮಯ ಆಕೆಗಿರಲಿಲ್ಲ. ವರ್ಷ ತುಂಬಲು ಉಳಿದದ್ದು ಏಳು ವಾರ.

"ಅಷ್ಟರೊಳಗೆ ನನಗೆ ಪ್ರೂಫ್ ಬೇಕು. ಕಳ್ಳಿಗೆ ನಾನು ಲೆಟರ್ ಕೊಡುದಿಲ್ಲ" ಎಂದರು ಮಾಲೀಕರು. ಜೊತೆಗೆ ಎರಡು ಕಟ್ಟಳೆ ಹಾಕಿದರು. ಗಿರಾಕಿಗಳಿಗೆ ಫೋನ್ ಮಾಡಿ ವಿಚಾರಿಸಬಾರದು, ಮರ್ಯಾದೆ ಹೋಗುತ್ತದೆ. ಆಕೆಗೂ ಸುಳಿವು ಕೊಡಬಾರದು. ಎರಡಕ್ಕೂ ಒಪ್ಪಿಕೊಂಡೆ. ಇವತ್ತಿಗೂ ನಾಚಿಕೆಯಾಗುವುದು ಆ ಎರಡನೆಯದಕ್ಕೆ ಒಪ್ಪಿದ್ದಕ್ಕೆ.

ಆಕೆಯ ಮೇಜಿನ ಹತ್ತಿರ ಹೋದಾಗ ಎದ್ದು ನಿಂತಳು. "ಏನ್ ರಿಪೇರಿ ಬಂದೈತ್ರಿ ಅಕ್ಕಾರ?"

"ರಿಪೇರಿ ಏನಿಲ್ಲ, ಎಲ್ಲಾ ಕಂಪ್ಯೂಟರಿಗೂ ಅಪ್‌ಡೇಟು."

"ನನ್ನ ಮೇಲ್ ಸೈತ ನೋಡ್ತೀರೇನ್ರಿ?" ಎಂದು ಕೇಳಿ, ಪರದೆಯ ಮೇಲಿದ್ದ ತನ್ನ ಖಾಸಗಿ ಮೇಲ್‌ಬಾಕ್ಸನ್ನು ತಟಕ್ಕನೆ ಮುಚ್ಚಿದಳು. ನಾನು ನಗುತ್ತಾ ಇಲ್ಲವೆಂದೆ. ಮನಸ್ಸಿನಲ್ಲಿ ಮೊದಲ ಗುರುತು ಹಾಕಿಕೊಂಡೆ.

ಕಂಪನಿಯ ಮೇಲ್ ಸರ್ವರಿನಲ್ಲಿ ಯಾರು ಯಾರಿಗೆ ಯಾವಾಗ ಮೇಲ್ ಕಳಿಸಿದರು ಎಂಬ ದಾಖಲೆ ಇರುತ್ತದೆ. ಒಳಗೆ ಬರೆದದ್ದನ್ನು ಓದಲು ನನಗೆ ಅಧಿಕಾರವಿಲ್ಲ, ಲಕೋಟೆಯ ಮೇಲಿನ ವಿಳಾಸ ನೋಡಬಹುದು, ಅಷ್ಟೇ. ಎರಡು ತಿಂಗಳ ದಾಖಲೆ ತೆಗೆದೆ. ಆಕೆಯ ಮೇಲ್‌ಬಾಕ್ಸಿನಿಂದ ಯಾವ ಗುರುವಾರವೂ ಅಂಗಡಿಗಳಿಗೆ ಒಂದೇ ಒಂದು ನೋಟಿಸು ಹೋಗಿರಲಿಲ್ಲ. ಹೋದದ್ದು ಬೇರೆಯದು. ಪ್ರತಿ ಗುರುವಾರ ಮಧ್ಯಾಹ್ನ ನಾಲ್ಕರ ಹೊತ್ತಿಗೆ, ಆಕೆಯದೇ ಖಾಸಗಿ ವಿಳಾಸಕ್ಕೆ, ಅಟ್ಯಾಚ್‌ಮೆಂಟಿನ ಸಮೇತ ಒಂದು ಮೇಲ್. ವಾರ ತಪ್ಪಿರಲಿಲ್ಲ.

ಮಾಲೀಕರಿಗೆ ತೋರಿಸಿದಾಗ ಅವರು ಎರಡೂ ಕೈ ಮೇಲೆತ್ತಿ, "ನಾನು ಹೇಳಲಿಲ್ವಾ?" ಎಂದರು. ನನಗೂ ಹಾಗೇ ಅನಿಸಿತ್ತು. ಆದರೆ ನೋಟಿಸು ಹೋಗಿಲ್ಲ ಎನ್ನುವುದು ಅರ್ಧ ಸಾಕ್ಷಿ. ಹೊರಗಿನವರು ಯಾರಾದರೂ ಕಂಪನಿಯ ಹೆಸರಿನಲ್ಲಿ ಮೇಲ್ ಕಳಿಸುತ್ತಿದ್ದಾರೆಯೇ ಎಂಬುದೂ ತಿಳಿಯಬೇಕಿತ್ತು.

ಇಮೇಲಿನ ಲೋಕದಲ್ಲಿ ಯಾರು ಬೇಕಾದರೂ ಯಾರ ಹೆಸರಿನಲ್ಲಾದರೂ ಕಾಗದ ಹಾಕಬಹುದು. ಅದಕ್ಕೇ ಮೂರು ಕಾವಲುಗಳಿವೆ. ಎಸ್‌ಪಿಎಫ್ ಎಂಬುದು ನಮ್ಮ ಹೆಸರಿನಲ್ಲಿ ಮೇಲ್ ಕಳಿಸಲು ಯಾರ‍್ಯಾರಿಗೆ ಅನುಮತಿ ಇದೆ ಎಂಬ ಬಹಿರಂಗ ಪಟ್ಟಿ. ಡಿಕಿಮ್ ಎಂಬುದು ಪ್ರತಿ ಮೇಲಿಗೂ ಒತ್ತುವ ಮುದ್ರೆ. ಇವೆರಡರಲ್ಲಿ ಯಾವುದೊಂದೂ ಸರಿಹೊಂದದ ಮೇಲನ್ನು ಏನು ಮಾಡಬೇಕೆಂದು ಜಗತ್ತಿನ ಮೇಲ್‌ಬಾಕ್ಸುಗಳಿಗೆ ಹೇಳುವ ಸೂಚನೆಯೇ ಡಿಮಾರ್ಕ್. ಸುಮ್ಮನೆ ನೋಡುತ್ತಿರಿ ಎನ್ನಬಹುದು, ಸ್ಪ್ಯಾಮಿಗೆ ಹಾಕಿ ಎನ್ನಬಹುದು, ಬಾಗಿಲಲ್ಲೇ ತಿರಸ್ಕರಿಸಿ ಎನ್ನಬಹುದು. ಅದರ ದೊಡ್ಡ ಉಪಕಾರವೆಂದರೆ, ನಮ್ಮ ಹೆಸರಿನಲ್ಲಿ ಎಲ್ಲಿಂದ ಎಷ್ಟು ಮೇಲ್ ಬಂತೆಂದು ದಿನವೂ ವರದಿ ಬರುತ್ತದೆ. ಈ ಕಂಪನಿಗೆ ಡಿಮಾರ್ಕ್ ಇರಲೇ ಇಲ್ಲ. ಎಸ್‌ಪಿಎಫ್ ಪಟ್ಟಿ ಇತ್ತು, ಉದ್ದವಾಗಿತ್ತು. ಮಾಲೀಕರ ಮೇಲ್ ಸರಿಯಾಗಿ ಹೋಗುತ್ತಿದೆಯಲ್ಲ, ಆಮೇಲೆ ನೋಡೋಣ ಎಂದು ಮುಂದೆ ಸರಿದೆ.

ಡಿಮಾರ್ಕ್ ಸಾಲು ಸೇರಿಸಲು ಕಂಪನಿಯ ಡೊಮೈನಿನ, ಅಂದರೆ ಮೇಲ್ ವಿಳಾಸದಲ್ಲಿ @ ಆದಮೇಲೆ ಬರುವ ಹೆಸರಿನ, ಪಾಸ್‌ವರ್ಡ್ ಬೇಕು. ಅದು ಮಾಲೀಕರ ಬಳಿ ಇರಲಿಲ್ಲ. ಬಹಳ ವರ್ಷಗಳ ಹಿಂದೆ ಡೊಮೈನು ಮಾಡಿಸಿಕೊಟ್ಟವರು ಮಿಸಿಸಾಗದಲ್ಲಿರುವ ಒಬ್ಬ ನಿವೃತ್ತ ಎಂಜಿನಿಯರು. ಮೈಸೂರಿನವರು, ಇಲ್ಲಿಗೆ ಮೊದಮೊದಲು ಬಂದ ಕನ್ನಡಿಗರಲ್ಲಿ ಒಬ್ಬರು. ಕನ್ನಡದವರ ಮನೆಗಳಿಗೆಲ್ಲ ತಿಂಗಳಿಗೊಮ್ಮೆ 'ಬಳಗದ ಪತ್ರ' ಎಂಬ ಇಮೇಲ್ ಕಳಿಸುವವರೂ ಅವರೇ. ಯಾರ ಮನೆಯ ಗೃಹಪ್ರವೇಶ, ಯಾರಿಗೆ ಮೊಮ್ಮಗು, ಯಾರು ತೀರಿಕೊಂಡರು, ಎಲ್ಲವೂ ಅದರಲ್ಲಿರುತ್ತದೆ.

"ಬಾಮ್ಮಾ, ಕೂತ್ಕೋ. ಪತ್ರ ಬರ್ತಿದ್ಯಾ?" ಎಂದರು ಕಾಫಿ ಕೊಡುತ್ತಾ.

"ಬರ್ತಿದೆ ಸಾರ್" ಎಂದೆ. ನೋಡಿ ಎಷ್ಟು ಕಾಲವಾಗಿತ್ತೋ.

ಪಾಸ್‌ವರ್ಡ್ ಬರೆದ ಪುಸ್ತಕವನ್ನು ಅವರು ನನ್ನ ಕೈಗೆ ಕೊಡಲಿಲ್ಲ. "ನೀನು ಹೇಳು, ನಾನು ಟೈಪ್ ಮಾಡ್ತೀನಿ. ಅದು ನಾನು ಸಾಕಿದ ಮಗು ಇದ್ದ ಹಾಗೆ" ಎಂದು ಒಂದೇ ಬೆರಳಿನಲ್ಲಿ ಕುಟ್ಟಿದರು. ಸುಮ್ಮನೆ ನೋಡುತ್ತಿರಿ, ವರದಿ ಮಾತ್ರ ಕಳಿಸಿ ಎಂಬ ಸಾಲು ಸೇರಿಸಿಯಾಯಿತು. ಪರದೆಯ ಉಳಿದ ಭಾಗ ನೋಡಲು ಬಗ್ಗಿದಾಗ ಲ್ಯಾಪ್‌ಟಾಪಿನ ಮುಚ್ಚಳ ಹಾಕಿಬಿಟ್ಟರು. ಇವರೇನು ಮುಚ್ಚಿಡುತ್ತಿದ್ದಾರೆ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ವರದಿಗಳು ಬರತೊಡಗಿದವು. ಬರಿಯ ಅಂಕಿಗಳ ರಾಶಿ. ಯಾವ ಸರ್ವರಿನಿಂದ, ಎಷ್ಟು ಮೇಲ್, ಪಾಸೋ ಫೇಲೋ. ಎರಡು ಗುರುವಾರಗಳೂ ತಿಂಗಳ ಮೊದಲ ಭಾನುವಾರವೂ ಕಳೆಯುವವರೆಗೆ ಕಾದು, ಎಲ್ಲವನ್ನೂ ಒಂದು ಶೀಟಿಗೆ ಇಳಿಸಿದೆ. ಮೊದಲನೆಯ ಗುಂಪು ಕಂಪನಿಯದೇ ಸರ್ವರು, ಎಲ್ಲವೂ ಪಾಸು. ಎರಡನೆಯದು ಯಾವುದೋ ಬಾಡಿಗೆ ಸರ್ವರು. ಗುರುವಾರ ಮಾತ್ರ ಚುರುಕಾಗಿ, ನಲವತ್ತು ಚಿಲ್ಲರೆ ಮೇಲ್ ಕಳಿಸಿ ಸುಮ್ಮನಾಗುತ್ತಿತ್ತು. ಎಲ್ಲವೂ ಫೇಲು. ಮೂರನೆಯದು ರಾಶಿಗಟ್ಟಲೆ ಮೇಲ್ ಕಳಿಸಲು ಬಾಡಿಗೆಗೆ ಸಿಗುವ ಒಂದು ಸೇವೆ. ಆ ಭಾನುವಾರ ಒಂದೇ ದಿನ ನೂರಾರು ಮೇಲ್. ಅದೂ ಫೇಲು.

ನನಗೆ ಬೇಕಾದ ಕಥೆ ತಾನಾಗಿ ಹೆಣೆದುಕೊಂಡಿತು. ಯಾರೋ ಕಂಪನಿಯ ಹೆಸರಿನಲ್ಲಿ, ಗುರುವಾರವೇ, ಅಂಗಡಿಗಳ ಸಂಖ್ಯೆಗೆ ಸರಿಯಾಗಿ ನಕಲಿ ಮೇಲ್ ಕಳಿಸುತ್ತಿದ್ದಾರೆ. ಅದೇ ಗುರುವಾರ ಇವಳು ತನ್ನ ವಿಳಾಸಕ್ಕೆ ಏನನ್ನೋ ಸಾಗಿಸುತ್ತಿದ್ದಾಳೆ. ಇನ್ನೇನು ಬೇಕು? ಮೂರು ಹೆಜ್ಜೆ ನಡೆದು, "ನೀವು ನೋಟಿಸು ಹೇಗೆ ಕಳಿಸ್ತೀರಿ, ಒಮ್ಮೆ ತೋರಿಸಿ" ಎಂದು ಆಕೆಯನ್ನು ಕೇಳಬಹುದಿತ್ತು. ಕಳ್ಳನನ್ನು ಯಾರಾದರೂ ಕೀಲಿ ಎಲ್ಲಿದೆಯೆಂದು ಕೇಳುತ್ತಾರೆಯೇ ಎಂಬ ಜಾಣತನದಲ್ಲಿ ನಾನಿದ್ದೆ.

ಡಿಮಾರ್ಕ್ ಹಾಕಿದವರು ಕೆಲವು ವಾರ ಸುಮ್ಮನೆ ವರದಿ ಓದಬೇಕು, ಪ್ರತಿಯೊಂದು ಗುಂಪೂ ಯಾರದೆಂದು ಹೆಸರು ಹಚ್ಚಬೇಕು, ಆಮೇಲೆ ಮೆಲ್ಲಗೆ ಬಿಗಿ ಮಾಡಬೇಕು. ಈ ಪಾಠವನ್ನು ನಾನೇ ಎಷ್ಟೋ ಜನರಿಗೆ ಹೇಳಿದ್ದೇನೆ. ಆದರೂ ಬುಧವಾರ ಎಂಜಿನಿಯರಿಗೆ ಫೋನ್ ಮಾಡಿ, ಫೇಲಾದದ್ದನ್ನೆಲ್ಲ ತಿರಸ್ಕರಿಸುವ ಸೂಚನೆ ಹಾಕಿ ಎಂದೆ.

"ಅಷ್ಟು ಬೇಗನಾ?" ಎಂದರು. "ನಮ್ಮ ಪ್ಲಾಂಟಲ್ಲಿ ಯಾವ ವಾಲ್ವ್ ಮುಚ್ಚೋಕ್ ಮುಂಚೆನೂ ಆ ಪೈಪಲ್ಲಿ ಏನು ಹರೀತಿದೆ ಅಂತ ಕೇಳ್ಕೊಂಡ್ ಬರ್ತಿದ್ವಿ ಕಣಮ್ಮ."

"ಕೇಳಿ ಆಗಿದೆ ಸಾರ್, ಹಾಕಿ." ಇವರು ಯಾಕೆ ತಡ ಮಾಡಿಸುತ್ತಿದ್ದಾರೆ ಎಂದು ಅವರ ಮೇಲೂ ಒಂದು ಗುರುತು ಹಾಕಿಕೊಂಡೆ.

ಶುಕ್ರವಾರ ಮಧ್ಯಾಹ್ನ ಮಾಲೀಕರ ಫೋನು ಬಂತು. "ಈ ಸಲ ಒಬ್ಬನದ್ದೂ ಉತ್ತರ ಬರ್ಲಿಲ್ಲ. ಒಬ್ಬನದ್ದೂ! ಪೂರಾ ಮಾಲು ಇಲ್ಲೇ ಕೂತಿದೆ. ಅವಳನ್ನು ಮನೆಗೆ ಕಳಿಸಿದೆ. ನೀವು ಸೋಮವಾರ ಪ್ರೂಫ್ ತನ್ನಿ, ಕೆಲಸದಿಂದ ತೆಗೆದ ಕಾಗದ ಅವಳ ಕೈಗೆ ಕೊಟ್ಟುಬಿಡುವ."

ಫೋನಿಟ್ಟ ಮೇಲೆ ಗೆದ್ದ ಖುಷಿ ಬರಬೇಕಿತ್ತು, ಬರಲಿಲ್ಲ. ನಕಲಿಯನ್ನು ತಡೆದಿದ್ದರೆ ಅಸಲಿ ಸಲೀಸಾಗಿ ತಲುಪಬೇಕಿತ್ತು. ಅರ್ಧ ಅಂಗಡಿಗಳಿಂದಾದರೂ ಬರುತ್ತಿದ್ದ ಉತ್ತರ ಸೊನ್ನೆಗೆ ಇಳಿದದ್ದೇಕೆ? ಶನಿವಾರ ಬೆಳಿಗ್ಗೆ ವರದಿ ತೆರೆದೆ. ಗುರುವಾರದ ನಲವತ್ತು ಚಿಲ್ಲರೆ ಮೇಲ್, ಒಂದೂ ಬಿಡದೆ ತಿರಸ್ಕೃತ. ಅಷ್ಟೇ ಅಂಗಡಿಗಳು, ಅಷ್ಟೇ ಮೇಲು, ಬೇರೆ ನೋಟಿಸು ಎಲ್ಲೂ ಇಲ್ಲ. ನಾನು ನಕಲಿ ಅಂದುಕೊಂಡದ್ದೇ ಅಸಲಿ. ಅದನ್ನು ತಡೆದವಳು ನಾನು. ಮೊದಲು ಎಂಜಿನಿಯರಿಗೆ ಫೋನ್ ಮಾಡಿ ಸೂಚನೆಯನ್ನು ಹಳೆಯ ಸ್ಥಿತಿಗೆ ತರಿಸಿದೆ. ಅವರು ಯಾಕೆಂದು ಕೇಳಲಿಲ್ಲ. ಆಮೇಲೆ ಆಕೆಗೆ ಫೋನ್ ಮಾಡಿದೆ.

ಬ್ರಾಂಪ್ಟನ್ನಿನ ಒಂದು ಪ್ಲಾಜಾದ ಕಾಫಿ ಅಂಗಡಿಯಲ್ಲಿ ಸಿಕ್ಕಳು. ಕಣ್ಣು ಊದಿತ್ತು. ಕಾಫಿ ತಂದಿಟ್ಟರೂ ಮುಟ್ಟಲಿಲ್ಲ.

"ನೋಟಿಸು ನೀವು ಎಲ್ಲಿಂದ ಕಳಿಸ್ತೀರಿ?" ಮೂರು ವಾರ ತಡವಾಗಿ ಕೇಳಿದೆ.

"ಗೋದಾಮಿಗೆ ಹೊಸಾ ಸಾಫ್ಟ್‌ವೇರ್ ತಂದಾರಲ್ರಿ, ಅದರಾಗ. ಮೊದಲ ನನ್ನ ಮೇಲಿಂದನ ಕಳಿಸ್ತಿದ್ದೆ. ಈಗ ಅದರಾಗ ಒಂದು ಬಟನ್ ಐತ್ರಿ, ಒತ್ತಿದ್ರ ಎಲ್ಲಾರಿಗೂ ಹೋಗತೈತಿ. ಎರಡು ತಿಂಗಳ ಮ್ಯಾಲಾತು."

"ಮತ್ತೆ ಪ್ರತಿ ಗುರುವಾರ ನಿಮ್ಮ ಖಾಸಗಿ ವಿಳಾಸಕ್ಕೆ ಏನು ಕಳಿಸ್ಕೋತೀರಿ?"

ಆಕೆ ನನ್ನನ್ನೇ ನೋಡಿದಳು. ನಾನು ಎಷ್ಟು ದಿನದಿಂದ ಏನು ನೋಡುತ್ತಿದ್ದೆ ಎನ್ನುವುದು ಆಗ ಆಕೆಗೆ ಅರ್ಥವಾಯಿತು. ಫೋನ್ ತೆಗೆದು ತೋರಿಸಿದಳು. ಒಂದರ ಹಿಂದೆ ಒಂದು ಚಿತ್ರ, ಎಲ್ಲವೂ ಒಂದೇ. ಗೋದಾಮಿನ ಸಾಫ್ಟ್‌ವೇರಿನ ಪರದೆ, ಅದರ ಮೇಲೆ 'ಕಳಿಸಲಾಗಿದೆ' ಎಂಬ ಹಸಿರು ಗುರುತು, ತಾರೀಖು, ಸಮಯ.

"ನನ್ನ ಅಡ್ರೆಸ್ಸೂ ಆ ಲಿಸ್ಟಿನಾಗ ಹಾಕೇನ್ರಿ, ಬರತೈತೋ ಇಲ್ಲೋ ನೋಡಾಕ. ನಂಗೂ ಬರಲಿಲ್ರಿ. ಹಂಗಾರ ನಾನ ಒತ್ತೂದು ಮರ್ತೇನೋ ಏನೋ, ತಲಿ ಕೆಟ್ಟೈತೋ ಏನೋ ಅಂತ ಪ್ರತಿ ಸಲ ಫೋಟೋ ತಗದ ಇಟ್ಕೊಳ್ಳಾಕ ಹತ್ತಿದೆ. ಸಾಹೇಬ್ರಿಗೆ ತೋರಿಸಿದ್ರ, ಫೋಟೋ ಯಾರ್ ಬೇಕಾದ್ರೂ ತಗೀತಾರ ಅಂದ್ರು."

ಮಾಲೀಕರು ಈ ವಿಷಯ ನನಗೆ ಹೇಳಿರಲಿಲ್ಲ. ಆಕೆಯ ಖಾಸಗಿ ಮೇಲ್‌ಬಾಕ್ಸಿನ ಸ್ಪ್ಯಾಮ್ ಫೋಲ್ಡರ್ ತೆರೆಸಿದೆ. ಅಲ್ಲಿದ್ದವು. ಮೂವತ್ತು ದಿನಕ್ಕಿಂತ ಹಳೆಯವು ತಾವಾಗಿ ಅಳಿಸಿಹೋಗಿದ್ದವು. ಉಳಿದ ನೋಟಿಸುಗಳು, ಬಾಗಿಲಲ್ಲೇ ತಿರಸ್ಕೃತವಾದ ಈ ವಾರದ್ದನ್ನು ಬಿಟ್ಟು, ಸಾಲಾಗಿ ಕೂತಿದ್ದವು. ಆಕೆ ಬೆರಳಿನಿಂದ ಒಂದೊಂದನ್ನೂ ಎಣಿಸಿ ಮುಖ ಮುಚ್ಚಿಕೊಂಡಳು.

ಲ್ಯಾಪ್‌ಟಾಪಿನಲ್ಲಿ ಒಂದು ನೋಟಿಸಿನ ಮೂಲ ತಲೆಬರಹ, ಅಂದರೆ ಮೇಲ್ ಹಾದುಬಂದ ದಾರಿಯ ದಾಖಲೆ, ಬಿಡಿಸಿದೆ. ಎಸ್‌ಪಿಎಫ್ ಪಟ್ಟಿಯೇ ದೋಷಪೂರಿತ ಎಂದಿತ್ತು. ಪಟ್ಟಿ ಓದುವ ಮೇಲ್‌ಬಾಕ್ಸುಗಳು ಅದರಲ್ಲಿರುವ ಸೇವೆಗಳ ಬಗ್ಗೆ ಹತ್ತು ಬಾರಿ ಮಾತ್ರ ಹೊರಗೆ ಹೋಗಿ ವಿಚಾರಿಸುತ್ತವೆ, ಹನ್ನೊಂದನೆಯದಕ್ಕೆ ಕೈಚೆಲ್ಲುತ್ತವೆ. ಕಂಪನಿಯ ಸರ್ವರು ಪಟ್ಟಿಯ ತಲೆಯಲ್ಲಿತ್ತು, ಮಾಲೀಕರ ಮೇಲ್ ಅದಕ್ಕೇ ಪಾಸಾಗುತ್ತಿತ್ತು. ಗೋದಾಮಿನ ಸಾಫ್ಟ್‌ವೇರು ಪಟ್ಟಿಯ ಬಾಲದಲ್ಲಿತ್ತು. ಅಲ್ಲಿಯವರೆಗೆ ಯಾರೂ ಓದುತ್ತಲೇ ಇರಲಿಲ್ಲ. ಡಿಕಿಮ್ ಮುದ್ರೆಯಂತೂ ಅದಕ್ಕೆ ಹಾಕಿಸಿರಲೇ ಇಲ್ಲ.

ಆದರೆ ಅಷ್ಟಕ್ಕೇ ಎಲ್ಲ ಮೇಲೂ ಸ್ಪ್ಯಾಮಿಗೆ ಬೀಳಬೇಕೆಂದಿಲ್ಲ. ಹೆಸರು ಒಳ್ಳೆಯದಿದ್ದರೆ ಸಣ್ಣ ತಪ್ಪನ್ನು ಎಷ್ಟೋ ಸಲ ಮನ್ನಿಸುತ್ತಾರೆ. ನೋಟಿಸಿನ ನೆತ್ತಿಯಲ್ಲಿ ಒಂದು ಎಚ್ಚರಿಕೆಯಿತ್ತು: ಈ ಹಿಂದೆ ಜನ ಸ್ಪ್ಯಾಮ್ ಎಂದು ಗುರುತಿಸಿದ ಮೇಲುಗಳನ್ನು ಇದು ಹೋಲುತ್ತದೆ. ಯಾವ ಜನ? ಈ ಕಂಪನಿ ಅಂಗಡಿಗಳಿಗಲ್ಲದೆ ಇನ್ನಾರಿಗೂ ಬರೆಯುವುದಿಲ್ಲ. ಆಗ ಮೂರನೆಯ ಗುಂಪು ನೆನಪಾಯಿತು. ತಿಂಗಳ ಮೊದಲ ಭಾನುವಾರ, ಒಂದೇ ದಿನ, ನೂರಾರು.

ಅಲ್ಲೇ ಕೂತು ನನ್ನ ಸ್ವಂತ ಸ್ಪ್ಯಾಮ್ ಫೋಲ್ಡರ್ ತೆರೆದೆ. ಈ ತಿಂಗಳ 'ಬಳಗದ ಪತ್ರ' ಅಲ್ಲಿತ್ತು. ಹೆಸರಿನ ಮೇಲೆ ಒತ್ತಿದಾಗ ಹಿಂದಿನ ವಿಳಾಸ ಬಿಚ್ಚಿಕೊಂಡಿತು. ಬೋಲ್ಟನ್ನಿನ ತರಕಾರಿ ಕಂಪನಿಯದೇ ಡೊಮೈನು. ಮಾಲೀಕರು ಬಳಗದ ಪೋಷಕರು, ಎಂಜಿನಿಯರು ಅವರ ಡೊಮೈನಿನಿಂದಲೇ ಪತ್ರ ಕಳಿಸುತ್ತಿದ್ದರು. ಪತ್ರಕ್ಕೆ ಬಿದ್ದ ಪ್ರತಿ ಸ್ಪ್ಯಾಮ್ ಗುರುತೂ ಅದೇ ಡೊಮೈನಿನ ನೋಟಿಸಿನ ಹೆಸರನ್ನೂ ಕೆಡಿಸುತ್ತಿತ್ತು. ಇನ್ನು ಅದು ನನ್ನ ಸ್ಪ್ಯಾಮಿಗೆ ಹೋದದ್ದು ಹೇಗೆಂದು ನನಗೆ ಚೆನ್ನಾಗಿ ನೆನಪಿತ್ತು. ಗುಂಡಿ ಒತ್ತಿದವಳು ನಾನೇ.

ಇದನ್ನು ಹೊರಗಿನವರಿಗೆ ವಿವರಿಸುವುದು ಕಷ್ಟ. ಪತ್ರದ ಕೊನೆಯಲ್ಲಿ 'ಅನ್‌ಸಬ್‌ಸ್ಕ್ರೈಬ್' ಎಂಬ ಕೊಂಡಿ ಇದೆ. ಅದನ್ನು ಒತ್ತಿದರೆ ಮಾರನೆಯ ಬೆಳಿಗ್ಗೆ ಎಂಜಿನಿಯರು ಫೋನ್ ಮಾಡುತ್ತಾರೆ. "ಏನಮ್ಮಾ, ನಮ್ಮಿಂದ ಏನಾದ್ರೂ ತಪ್ಪಾಯ್ತಾ? ಮನೇಲೆಲ್ಲ ಆರೋಗ್ಯ ತಾನೇ?" ಎಂದು ಅರ್ಧ ಗಂಟೆ ವಿಚಾರಿಸುತ್ತಾರೆ. ನಿಜವಾದ ಅಕ್ಕರೆಯಿಂದ, ಅದೇ ತೊಂದರೆ. ಅವರ ಮುಖಕ್ಕೆ ಹೊಡೆದಂತೆ ಬೇಡ ಎನ್ನಲು ಯಾರಿಗೂ ಬಾಯಿ ಬಾರದು. ಸ್ಪ್ಯಾಮ್ ಎಂದು ಒತ್ತಿದರೆ ಅವರಿಗೆ ತಿಳಿಯುವುದಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ನನಗೆ ಈ ಉಪಾಯ ಹೇಳಿಕೊಟ್ಟವರು ಎಲ್ಲರೂ ಅಡುಗೆ ಮಾಡಿ ತರುವ ಒಂದು ಪಾಟ್‌ಲಕ್ ಊಟದಲ್ಲಿ ಪಕ್ಕ ಕೂತಿದ್ದ ಹೆಂಗಸು. ನಾನು ಇನ್ನಿಬ್ಬರಿಗೆ ದಾಟಿಸಿದ್ದೆ.

ಎದುರು ಕೂತಿದ್ದ ಆಕೆಗೆ ಎಲ್ಲವನ್ನೂ ಹೇಳಿದೆ. ಗುರುವಾರದ ಮೇಲುಗಳನ್ನು ತಿರಸ್ಕರಿಸಿದ್ದು ನಾನೆಂಬುದನ್ನೂ ಹೇಳಿದೆ. ಆಕೆ "ಸೋಮವಾರ ಅವರ ಮುಂದ ಇದನ್ನ ಹಿಂಗ ಹೇಳ್ತೀರೇನ್ರಿ?" ಎಂದು ಮಾತ್ರ ಕೇಳಿದಳು.

ನನ್ನ ಮುಂದೆ ಒಂದು ಸುಲಭದ ದಾರಿಯಿತ್ತು. ಪಟ್ಟಿ ಉದ್ದವಾಗಿತ್ತು, ಸರಿ ಮಾಡಿದೆ ಎಂದಷ್ಟೇ ಮಾಲೀಕರಿಗೆ ಹೇಳಿ, ನನ್ನ ಎಡವಟ್ಟನ್ನೂ ಬಳಗದ ಪತ್ರವನ್ನೂ ನುಂಗಿಕೊಂಡರೆ ಗಿರಾಕಿಯೊಬ್ಬರು ಕೈತಪ್ಪುತ್ತಿರಲಿಲ್ಲ, ಹಿರಿಯರೊಬ್ಬರ ಮನಸ್ಸು ಮುರಿಯುತ್ತಿರಲಿಲ್ಲ. ಆದರೆ ಹಾಗೆ ಮಾಡಿದರೆ ಈ ಶುಕ್ರವಾರ ಒಬ್ಬರೂ ಉತ್ತರಿಸದ ತಪ್ಪು ಆಕೆಯ ತಲೆಯ ಮೇಲೇ ಉಳಿಯುತ್ತಿತ್ತು. ಹೇಳುತ್ತೇನೆ ಎಂದೆ.

ಭಾನುವಾರ ಮಿಸಿಸಾಗಕ್ಕೆ ಹೋದೆ. ಎಂಜಿನಿಯರು ಈ ಸಲ ಲ್ಯಾಪ್‌ಟಾಪನ್ನು ತಾವಾಗಿ ನನ್ನ ಕಡೆ ತಿರುಗಿಸಿದರು. ಎಸ್‌ಪಿಎಫ್ ಪಟ್ಟಿಯಲ್ಲಿ ಪತ್ರ ಕಳಿಸಲು ಅವರು ಕಾಲಕಾಲಕ್ಕೆ ಹಿಡಿದು ಬಿಟ್ಟ ಎಲ್ಲ ಸೇವೆಗಳೂ ಇದ್ದವು.

"ಇವನ್ನು ಯಾಕೆ ತೆಗೀಲಿಲ್ಲ ಸಾರ್?"

"ಇರಲಿ ಅಂತ. ಯಾವತ್ತಾದ್ರೂ ಬೇಕಾಗತ್ತೆ." ಅವರ ಅಡುಗೆಮನೆಯ ಕಪಾಟಿನಲ್ಲಿ ತೊಳೆದು ಜೋಡಿಸಿಟ್ಟ ಖಾಲಿ ಮೊಸರಿನ ಡಬ್ಬಿಗಳು ಕಾಣುತ್ತಿದ್ದವು. ನಮ್ಮ ಮನೆಯಲ್ಲೂ ಇವೆ.

ಪತ್ರವನ್ನು ಜನ ಸ್ಪ್ಯಾಮಿಗೆ ತಳ್ಳುತ್ತಿರುವ ವಿಷಯ ಹೇಳಲು ನಾಲ್ಕು ಸಲ ಬಾಯಿ ತೆರೆದು ಮುಚ್ಚಿದೆ. ಕೊನೆಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ತುಂಬಾ ಜನಾನಾ?"

"ತುಂಬಾ ಅಂತ ಕಾಣತ್ತೆ ಸಾರ್."

"ನಂಗೊಂದು ಮಾತು ಹೇಳಬಹುದಿತ್ತಲ್ಲಮ್ಮಾ."

"ಹೇಳಿದ್ರೆ ನೀವು ಫೋನ್ ಮಾಡ್ತೀರಿ, ಬೇಜಾರಾಗ್ತೀರಿ ಅಂತ."

"ನೀನೂ ಒತ್ತಿದ್ಯಾ?"

"ಒತ್ತಿದ್ದೆ ಸಾರ್."

ಅವರು ಎದ್ದು ಒಳಗೆ ಹೋದರು. ಹಿಂದಿರುಗಿ ಬಂದವರು ಪಾಸ್‌ವರ್ಡ್ ಪುಸ್ತಕವನ್ನು ನನ್ನ ಮುಂದಿಟ್ಟು, "ಏನೇನು ತೆಗೀಬೇಕೋ ತೆಗಿ" ಎಂದರು. ಹಳೆಯ ಸೇವೆಗಳನ್ನೆಲ್ಲ ಪಟ್ಟಿಯಿಂದ ಅಳಿಸಿದೆ. ಗೋದಾಮಿನ ಸಾಫ್ಟ್‌ವೇರನ್ನು ಮೇಲಕ್ಕೆ ತಂದು, ಅದಕ್ಕೆ ಡಿಕಿಮ್ ಮುದ್ರೆ ಹಾಕಿಸಿದೆ. ಪತ್ರಕ್ಕೆ ಬೇರೆಯದೇ ಡೊಮೈನು ಕೊಂಡು, ಬೇಕು ಎಂದು ಹೊಸದಾಗಿ ಒಪ್ಪಿದವರಿಗೆ ಮಾತ್ರ ಕಳಿಸುವಂತೆ, ಒಂದೇ ಒತ್ತಿಗೆ ಬಿಡುಗಡೆ ಸಿಗುವಂತೆ ಮಾಡಿದೆ. ಬಿಟ್ಟುಹೋದವರ ಹೆಸರು ಯಾರಿಗೂ ಕಾಣದಂತೆ ಮಾಡು ಎಂದು ಹೇಳಿದವರು ಅವರೇ.

ಸೋಮವಾರ ಗಾಜಿನ ಕೋಣೆಯಲ್ಲಿ ಮಾಲೀಕರು, ಆಕೆ, ನಾನು. ಮೊದಲು ನನ್ನ ತಪ್ಪು ಹೇಳಿದೆ. ಆಮೇಲೆ ನೋಟಿಸು ಕಳಿಸುವ ಬಟನನ್ನು ಆಕೆಯಿಂದಲೇ ಒತ್ತಿಸಿ, ನನ್ನ ವಿಳಾಸಕ್ಕೆ ಬಂದದ್ದರ ತಲೆಬರಹ ತೋರಿಸಿದೆ. ಈಗ ಎಲ್ಲವೂ ಪಾಸು. ಕೆಟ್ಟ ಹೆಸರು ತೊಳೆಯಲು ಮಾತ್ರ ಇನ್ನೂ ಕೆಲವು ವಾರ ಬೇಕು, ಅಲ್ಲಿಯವರೆಗೆ ಪ್ರತಿ ಅಂಗಡಿಗೂ ಫೋನ್ ಮಾಡಿ ಸ್ಪ್ಯಾಮಿನಿಂದ ನೋಟಿಸು ಹೊರತೆಗೆಸಬೇಕು ಎಂದೆ.

ಮಾಲೀಕರು ಒಪ್ಪಲಿಲ್ಲ. "ಎಂತ ಕಥೆ ಇದು? ಒಂದು ಪತ್ರವನ್ನು ಯಾರೋ ಸ್ಪ್ಯಾಮ್ ಅಂದ್ರೆ ನನ್ನ ತೊಂಡೆಕಾಯಿ ಯಾಕೆ ಕೊಳೀಬೇಕು? ಯಾರು ಒತ್ತುದು ಹಾಗೆಲ್ಲ?"

"ನಿಮ್ಮ ಪರ್ಸನಲ್ ಮೇಲಿನ ಸ್ಪ್ಯಾಮ್ ಫೋಲ್ಡರ್ ಒಮ್ಮೆ ತೆಗೀರಿ" ಎಂದೆ. ಗೊತ್ತಿದ್ದು ಹೇಳಿದ್ದಲ್ಲ, ಅನುಮಾನದಿಂದಲೇ ಹೇಳಿದೆ.

ಫೋನಿನ ಮೇಲೆ ಬೆರಳಾಡಿಸಿದವರು ನಿಂತುಬಿಟ್ಟರು. ಬಳಗದ ಪತ್ರ ಅಲ್ಲಿತ್ತು. ತಮ್ಮದೇ ಕಂಪನಿಯ ಹೆಸರಿನ ಮೇಲೆ, ತಮ್ಮದೇ ಬೆರಳು.

"ಅದು... ಎಲ್ಲಿಯೋ ಕೈ ತಾಗಿರ್ಬೇಕು" ಎಂದರು. ಯಾರೂ ನಗಲಿಲ್ಲ. ಸ್ವಲ್ಪ ಹೊತ್ತು ಮೇಜಿನ ಮೇಲಿದ್ದ ಪೆನ್ನನ್ನು ಉರುಳಿಸಿ, ಆಕೆಯ ಕಡೆ ನೋಡದೆ, "ಆಯ್ತು, ನಾಳೆಯಿಂದ ಬಾ ನೀನು" ಎಂದರು.

"ಶುಕ್ರವಾರ, ಇವತ್ತು, ಎರಡೂ ದಿನ ಹಾಜ್ರಿ ಹಿಡೀತೀರಿ ಅಲ್ರಿ ಸಾಹೇಬ್ರ?"

"ಹಿಡಿಯುವ, ಹಿಡಿಯುವ."

ಕ್ಷಮೆಯ ಮಾತು ಬರಲಿಲ್ಲ. ನನಗೆ ಅವರ ಮೇಲೆ ಸಿಟ್ಟು ಬಂತು, ಆದರೆ ಸಿಟ್ಟಾಗುವ ಯೋಗ್ಯತೆ ನನಗೂ ಇರಲಿಲ್ಲ.

ಆಕೆಯನ್ನು ಬ್ರಾಂಪ್ಟನ್ನಿಗೆ ನಾನೇ ಕಾರಿನಲ್ಲಿ ಕರೆದುಕೊಂಡು ಹೊರಟೆ. ಟ್ರಕ್ಕುಗಳ ಹಿಂದೆ ಮೆಲ್ಲಗೆ ಸಾಗುತ್ತಿರುವಾಗ ಆಕೆ ಕೇಳಿದಳು. "ಅಕ್ಕಾರ, ಸಾಹೇಬ್ರು ಸಂಶೇ ಪಟ್ರು. ಅವರ ಮಾಲು ಕೊಳೀತಿತ್ತು, ಪಟ್ರು. ನಿಮಗ ನಾ ಏನ್ ಮಾಡಿದ್ದೆ?"

"ಏನೂ ಮಾಡಿರಲಿಲ್ಲ. ನಿಮ್ಮನ್ನ ಒಂದು ಮಾತು ಕೇಳಬೇಕಿತ್ತು, ಕೇಳಲಿಲ್ಲ. ತಪ್ಪಾಯ್ತು."

"ಹಂಗಂತ ಬರದ ಕೊಡ್ತೀರೇನ್ರಿ?"

ತಮಾಷೆ ಅಂದುಕೊಂಡೆ. ತಿರುಗಿ ನೋಡಿದೆ, ತಮಾಷೆಯಲ್ಲ.

"ತಪ್ಪು ನಂದಲ್ಲ ಅಂತ. ನೀವ ಕಂಡ್ ಹಿಡಿದೀರಿ ಅಂತ. ಇನ್ನ ನಾಕ ವಾರ ಐತ್ರಿ, ಅಷ್ಟರಾಗ ಅವರು ಮರೀತಾರ. ಮತ್ತೊಂದಿನ ಮತ್ತೇನರ ಕೊಳೀತಂದ್ರ ನಾ ಯಾರನ್ನ ತೋರಿಸ್ಲಿ?"

"ಸಂಜೆ ಮೇಲ್ ಮಾಡ್ತೀನಿ."

"ಮೇಲ್ ಬ್ಯಾಡ್ರಿ."

ಒಂದು ಪ್ಲಾಜಾದ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿದೆ. ಕಾರಿನ ಸರ್ವಿಸ್ ಮಾಡಿಸಿದ ಚೀಟಿಯ ಹಿಂಬದಿ ಖಾಲಿಯಿತ್ತು. ಸ್ಟಿಯರಿಂಗಿಗೆ ಒತ್ತಿಕೊಂಡು, ಇಂಗ್ಲಿಷಿನಲ್ಲಿ, ನಡೆದದ್ದನ್ನು ನಡೆದ ಹಾಗೆ ಬರೆದೆ. ನೋಟಿಸುಗಳನ್ನು ಆಕೆ ಪ್ರತಿ ವಾರ ಕಳಿಸಿದ್ದಳು, ಅವು ತಲುಪದಿದ್ದದ್ದಕ್ಕೆ ಆಕೆ ಕಾರಣಳಲ್ಲ, ಕೊನೆಯ ವಾರದ್ದನ್ನು ತಡೆದವಳು ನಾನು. ಸಹಿ ಹಾಕಿ ಕೊಟ್ಟೆ. ಎರಡು ಸಲ ಓದಿದಳು. ಸಹಿಯ ಕೆಳಗೆ ಹೆಸರನ್ನು ಬಿಡಿಸಿ ಬರೆಯಿರಿ, ತಾರೀಖು ಹಾಕಿರಿ ಎಂದಳು. ಹಾಕಿದೆ.

"ನಿಮ್ಮ ಡ್ರೈವರ್ಸ್ ಲೈಸೆನ್ಸ್ ಐತೇನ್ರಿ ಅಕ್ಕಾರ? ಅದರಾಗ ಸಹಿ ಇರತೈತಲ್ರಿ."

ಪರ್ಸಿನಿಂದ ತೆಗೆದು ಕೊಟ್ಟೆ. ಆಕೆ ಚೀಟಿಯನ್ನೂ ಲೈಸೆನ್ಸನ್ನೂ ಕಿಟಕಿಯ ಬೆಳಕಿಗೆ ಪಕ್ಕಪಕ್ಕ ಹಿಡಿದು, ಎರಡು ಸಹಿಗಳ ಮೇಲೂ ಬೆರಳು ಇಟ್ಟು, ಅಕ್ಷರ ಅಕ್ಷರವಾಗಿ ಹೋಲಿಸಿದಳು. ನಾನು ಎರಡೂ ಕೈ ಸ್ಟಿಯರಿಂಗಿನ ಮೇಲಿಟ್ಟುಕೊಂಡು ಕಾದೆ. ಆಮೇಲೆ ಆಕೆ ಲೈಸೆನ್ಸನ್ನು ವಾಪಸು ಕೊಟ್ಟು, ಚೀಟಿಯನ್ನು ನಾಲ್ಕಾಗಿ ಮಡಚಿ ಕೋಟಿನ ಒಳಜೇಬಿಗೆ ಇಟ್ಟುಕೊಂಡು, "ಈಗ ನಡೀರಿ" ಎಂದಳು.